ಗೋಡೆಯ ಮೇಲಿನ ಬೆಣಚುಕಲ್ಲು

ಸಾವಕ್ಕ ಮನೆಯಿಂದ ಹೊರಟಾಗ ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹೆಗಲಿಗೆ ಒಂದು ಬಟ್ಟೆಯ ಚೀಲ. ಅದರಲ್ಲಿ ನೀರಿನ ಎರಡು ಬಾಟಲಿ, ನಾಲ್ಕು ಸಜ್ಜೆ ರೊಟ್ಟಿ, ಪುಂಡಿಪಲ್ಯದ ಡಬ್ಬಿ, ಮಡಚಿದ ಒಂದು ಹಳೆಯ ಟವೆಲು. ಬರುವಾಗ ಆ ಟವೆಲಿನ ಜೊತೆ ಒಂದು ಕಲ್ಲು ತರಬೇಕಿತ್ತು.

ಅವರ ಊರು ಕಪ್ಪತಗುಡ್ಡದ ಬುಡದಲ್ಲಿದೆ. ಮುಂಡರಗಿಯಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು. ಸಾವಕ್ಕನಿಗೆ ಈಗ ಅರವತ್ತೊಂದು ವರ್ಷ. ಮದುವೆಯಾಗಿ ಬಂದ ವರ್ಷದಿಂದ ಗುಡ್ಡ ಹತ್ತಿದವರು. ಮಳೆಗಾಲ ಮುಗಿದ ಮೇಲೆ ಹುಲ್ಲು ಕೊಯ್ಯುವುದು, ಬೇಸಿಗೆಯಲ್ಲಿ ಔಷಧಿಯ ಬೇರು ಅಗೆಯುವುದು ಅವರ ಕೆಲಸವಾಗಿತ್ತು. ಗುಡ್ಡ ವನ್ಯಜೀವಿಧಾಮವಾದ ಮೇಲೆ ಅಗೆಯುವುದು ನಿಂತಿತು. ಈಗ ಅವರು ಊರಿನ ಅಂಗನವಾಡಿಯಲ್ಲಿ ಅಡುಗೆಗೆ ಸಹಾಯ ಮಾಡುತ್ತಾರೆ.

ಗುಡ್ಡದ ಮೇಲೆ, ಹುಲ್ಲುಗಾವಲು ಮುಗಿಯುವಲ್ಲಿ ಒಂದು ಗುಡಿಸಲಿದೆ. ಬೇಸಿಗೆಯಲ್ಲಿ ಬೆಂಕಿ ಕಾಯುವವರಿಗೆಂದು ಯಾವ ಕಾಲದಲ್ಲೋ ಕಟ್ಟಿದ್ದು. ಸುತ್ತ ಎದೆಮಟ್ಟದ ಕಲ್ಲಿನ ಗೋಡೆ, ಮೇಲೆ ಹುಲ್ಲು, ಆಮೇಲಾಮೇಲೆ ತಗಡು. ಬೇರಿನವರು, ಹುಲ್ಲಿನವರು, ಕುರಿಯವರು ಎಲ್ಲರೂ ಅಲ್ಲೇ ದಣಿವಾರಿಸಿಕೊಳ್ಳುತ್ತಿದ್ದರು. ಆ ಗೋಡೆಗಳನ್ನು ಕೆಡವಿ ಸಿಮೆಂಟಿನ ಕೋಣೆ, ನೀರಿನ ಟಾಕಿ ಕಟ್ಟುವುದೆಂದು ಈ ನವೆಂಬರಿನಲ್ಲಿ ಗೊತ್ತಾಯಿತು. ಸುದ್ದಿ ಕೇಳಿದ ದಾವಲಬಿ, ತಮ್ಮ ಸೊಸೆ ರೇಷ್ಮಾಳನ್ನು ಸಾವಕ್ಕನ ಮನೆಗೆ ಕಳಿಸಿದರು. ಹೇಳಿ ಕಳಿಸಿದ್ದು ಒಂದೇ ಮಾತು: ಗೋಡೆ ಕೆಡವುವುದರೊಳಗೆ ಅದರ ಮೇಲಿನ ಬಿಳಿ ಕಲ್ಲು ತಂದುಕೊಡು.

ದಾವಲಬಿ ಮತ್ತು ಸಾವಕ್ಕ ಹದಿನೇಳು ವರ್ಷ ಜೋಡಿಯಾಗಿ ಗುಡ್ಡ ಹತ್ತಿದವರು. ಹನ್ನೊಂದು ವರ್ಷದ ಹಿಂದೆ, ಒಂದು ಏಪ್ರಿಲ್ ಮಧ್ಯಾಹ್ನ, ಆ ಗುಡಿಸಲಲ್ಲಿ ನೀರಿಲ್ಲದೆ ದಾವಲಬಿ ಬಿದ್ದರು. ಜೀವ ಉಳಿಯಿತು, ಕಾಲು ಹಿಡಿತಕ್ಕೆ ಬರಲಿಲ್ಲ. ಅದಕ್ಕೆ ಕಾರಣ ಕುರಿಗಾರ ತಿರಕಪ್ಪ ಎಂದು ಊರು ಇವತ್ತಿಗೂ ನಂಬಿದೆ, ದಾವಲಬಿಯೂ ನಂಬಿದ್ದರು. ಕಾರಣ ತಾನು ಎಂಬುದು ಸಾವಕ್ಕನೊಬ್ಬರಿಗೇ ಗೊತ್ತಿತ್ತು. ಕಲ್ಲು ಕೊಡುವಾಗ ಅದನ್ನು ಹೇಳಿಬಿಡಬೇಕು ಎಂದು ಅವರು ನಿರ್ಧರಿಸಿದ್ದರು. "ಇವತ್ತ ಹೇಳದಿದ್ರ ಮುಂದ ನೆವನ ಇಲ್ಲರಿ," ಎಂದು ಜೊತೆಗೆ ಹೊರಟ ಪತ್ರಿಕೆಯವರಿಗೆ ಹೇಳಿದರು.

ಊರ ಹೊರಗಿನ ಬೇವಿನಗಿಡದ ಹತ್ತಿರ ಅರಣ್ಯ ಇಲಾಖೆಯ ವಾಚರ್ ಗವಿಸಿದ್ದೇಶ ಕಾಯುತ್ತಿದ್ದ. ಮೂವತ್ತೈದರ ಆಸುಪಾಸಿನ ಹುಡುಗುಬುದ್ಧಿಯ ಗಂಡಸು. ಈಗ ಅವನಿಲ್ಲದೆ ಯಾರೂ ಮೇಲೆ ಹೋಗುವಂತಿಲ್ಲ.

"ಏನಬೇ ಸಾವಕ್ಕ, ಬಿಸಲ ಏರೂದ್ರಾಗ ಮ್ಯಾಲ ಇರೂಣು ಅಂದಿದ್ದೆ. ಇಷ್ಟು ತಡಾ?"

"ತಡಾ ಅಲ್ಲೋ, ನಿಂದು ಹಲ್ಲ ತಿಕ್ಕೂದು ಮುಗೀಲಿ ಅಂತ ಕುಂತಿದ್ದೆ."

"ಇವರು ಪೇಪರಿನವರು ಬಂದಾರ. ಸಾವಕಾಶ ನಡಿ."

"ಸಾವಕಾಶ ನಡದ್ರ ನನಗ ಕಾಲ ನೋಯತಾವಪಾ. ಅವರೇ ಜಲ್ದಿ ಬರ್ಲಿ."

ಮೊದಲ ಒಂದು ತಾಸು ಏರು. ಕೆಂಪು ಗರಸು, ಕಾಲಿಟ್ಟಲ್ಲಿ ಜಾರುವ ಹರಳು, ಎರಡೂ ಕಡೆ ಕವಳಿ, ಬಾರಿ, ಬಂದರಿಕೆ ಗಿಡ. ಸಾವಕ್ಕ ಏರಿನಲ್ಲಿ ಮಾತಾಡುವುದಿಲ್ಲ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾರೆ. ನಿಲ್ಲುವುದಿಲ್ಲ. ಗವಿಸಿದ್ದೇಶ ನಾಲ್ಕು ಸಲ ನಿಂತ.

ಏರು ಮುಗಿದಲ್ಲಿ ಗಿಡಗಳು ಒಮ್ಮೆಲೇ ಮುಗಿಯುತ್ತವೆ. ಮುಂದೆ ಕಣ್ಣು ಹೋದಷ್ಟು ದೂರ ಹುಲ್ಲು. ಒಂದು ದಿಬ್ಬ ಇಳಿದು ಇನ್ನೊಂದು ದಿಬ್ಬ ಏರಿ, ಅದರಾಚೆಯೂ ಹುಲ್ಲೇ. ನವೆಂಬರಿನಲ್ಲಿ ಅದು ಸೊಂಟಮಟ್ಟ ಬೆಳೆದಿರುತ್ತದೆ. ಬುಡ ಇನ್ನೂ ಹಸಿರು, ತೆನೆ ಒಣಗಿ ಹೊಂಬಣ್ಣ. ದೂರದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಾಲ ಕೆಳಗೆ ಕಾಚಿಹುಲ್ಲು ಸಿಕ್ಕಾಗ ನಿಂಬೆಹಣ್ಣಿನಂಥ ವಾಸನೆ ಮೇಲೆದ್ದು ಹತ್ತು ಹೆಜ್ಜೆ ಜೊತೆಗೆ ಬರುತ್ತಿತ್ತು.

ದಾರಿ ಎಂಬುದು ಕಾಣುತ್ತಿರಲಿಲ್ಲ. ಮೊದಲು ಕುರಿಗಳು ನಡೆದು ಗೆರೆ ಬಿದ್ದಿತ್ತಂತೆ. ಈಗ ಕುರಿಗಳಿಲ್ಲ, ಗೆರೆಯೂ ಮುಚ್ಚಿದೆ. ಸಾವಕ್ಕ ಹುಲ್ಲನ್ನು ಮುಂಗೈಯಿಂದ ಸರಿಸಿ, ಪಾದದಿಂದ ನೆಲ ಒತ್ತಿ ನೋಡಿ ಮುಂದೆ ಹೋಗುತ್ತಿದ್ದರು. ನಡೆದು ಗಟ್ಟಿಯಾದ ನೆಲ ಪಾದಕ್ಕೆ ಗೊತ್ತಾಗುತ್ತದೆ ಎಂದರು.

ಒಂದು ಕಡೆ ಬಗ್ಗಿ, ಹುಲ್ಲಿನೊಳಗಿದ್ದ ಮುಳ್ಳಿನ ಎಳೆ ಬಳ್ಳಿಯೊಂದನ್ನು ಮುಟ್ಟಿದರು.

"ಹಲವು ಮಕ್ಕಳ ತಾಯಿ," ಎಂದರು. ಶತಾವರಿಯನ್ನು ಇಲ್ಲಿ ಹಾಗೆ ಕರೆಯುತ್ತಾರೆ. "ಈಗ ದಂಡಿ ಬೆಳದೈತಿ ನೋಡ್ರಿ."

"ಕೈ ಹಚ್ಚಬ್ಯಾಡಬೇ. ಕೇಸ್ ಹಾಕತೀನಿ," ಎಂದ ಗವಿಸಿದ್ದೇಶ.

"ಹಾಕು. ನಿನ್ನ ಹಡದಾಗ ನಿಮ್ಮವ್ವಗ ಹಾಲ ಬರವಲ್ಲದಾಗಿತ್ತು. ಇದ ಬೇರ ತೇದು ಕುಡಸೀನಿ. ಅದಕ್ಕೂ ಒಂದು ಕೇಸ್ ಹಾಕು."

ಗವಿಸಿದ್ದೇಶ ನಕ್ಕ. ಸಾವಕ್ಕ ನಗಲಿಲ್ಲ. ಸೀರೆಯ ಅಂಚಿಗೆ ಅಂಟಿದ್ದ ಉತ್ತರಾಣಿಯ ಕಾಳು ಕೀಳುತ್ತಾ ಮುಂದೆ ನಡೆದರು.

ಒಂಬತ್ತೂಕಾಲಕ್ಕೆ ಕವಲುಬಂಡೆ ಸಿಕ್ಕಿತು. ಎತ್ತಿನ ಬೆನ್ನಿನಂಥ ಕರಿ ಬಂಡೆ. ಇಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಇಳಿದರೆ ಅರ್ಧ ತಾಸಿನಲ್ಲಿ ಬಂಡೆಗಳ ನಡುವೆ ಮಳೆನೀರು ನಿಲ್ಲುವ ಗುಂಡಿ. ಎಂಥ ಬೇಸಿಗೆಯಲ್ಲೂ ಅದು ಬತ್ತುವುದಿಲ್ಲ. ಬಲಕ್ಕೆ ಹೋದರೆ ಗುಡಿಸಲು. ನಡುವೆ ಆಳವಾದ ಕೊರಕಲು. ಗುಡಿಸಲು ಕೂಗಿದರೆ ಕೇಳುವಷ್ಟು ಹತ್ತಿರ ಕಾಣುತ್ತದೆ. ದಾರಿ ಮಾತ್ರ ಕೊರಕಲನ್ನು ಸುತ್ತಿ ಹೋಗಬೇಕು, ಮುಕ್ಕಾಲು ತಾಸು.

"ಕಾಣತೈತೇನ್ರಿ?" ಎಂದು ಸಾವಕ್ಕ ಗದ್ದ ಎತ್ತಿ ತೋರಿಸಿದರು.

ಗುಡಿಸಲಿನ ಕಪ್ಪು ಗೋಡೆಯ ಮೇಲೆ, ಈ ಕಡೆಯ ಮೂಲೆಯಲ್ಲಿ, ಒಂದು ಬಿಳಿ ಚುಕ್ಕೆ.

ಅದೇ ಕಲ್ಲು. ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡ ಬೆಣಚುಕಲ್ಲು. ಗುಡಿಸಲೊಳಗೆ ಒಂದು ಮಣ್ಣಿನ ಹರವಿ ಇರುತ್ತಿತ್ತು. ಗುಂಡಿಯಿಂದ ನೀರು ಹೊತ್ತು ಹರವಿ ತುಂಬಿಸಿದವರು ಕಲ್ಲನ್ನು ಗೋಡೆಯ ಮೇಲೆ ಇಡಬೇಕು. ಕೊನೆಯ ನೀರು ತೆಗೆದುಕೊಂಡವರು ಕಲ್ಲನ್ನು ಕೆಳಗಿಳಿಸಬೇಕು. ಕವಲುಬಂಡೆಗೆ ಬಂದವರು ಗೋಡೆ ನೋಡುತ್ತಾರೆ. ಕಲ್ಲು ಕಂಡರೆ ನೇರ ಗುಡಿಸಲಿಗೆ. ಕಾಣದಿದ್ದರೆ ಮೊದಲು ಎಡಕ್ಕೆ ಇಳಿದು, ನೀರು ಕುಡಿದು, ಕೊಡ ತುಂಬಿಕೊಂಡು ಹೋಗುತ್ತಾರೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಕುರಿಯವರಿಗೂ ಹುಲ್ಲಿನವರಿಗೂ ಬೇರೆ ವಿಷಯದಲ್ಲಿ ಜಗಳವಿತ್ತು, ಕಲ್ಲಿನ ವಿಷಯದಲ್ಲಿ ಇರಲಿಲ್ಲ.

ಸಾವಕ್ಕ ಬಂಡೆಯ ಮೇಲೆ ಕೂತು ಆ ದಿನದ್ದನ್ನು ಹೇಳಿದರು. ಗವಿಸಿದ್ದೇಶ ಸ್ವಲ್ಪ ದೂರದಲ್ಲಿ ಬೆನ್ನು ಮಾಡಿ ನಿಂತಿದ್ದ. ಅವನೂ ಮೊದಲ ಸಲ ಕೇಳುತ್ತಿದ್ದ.

ಎರಡು ಸಾವಿರದ ಹದಿನಾಲ್ಕರ ಏಪ್ರಿಲ್, ಶುಕ್ರವಾರ. ಅಂದು ಮಧ್ಯಾಹ್ನ ಲಕ್ಷ್ಮೇಶ್ವರದಲ್ಲಿ ಮಗಳು ಶಿವಲಕ್ಷ್ಮಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸೋದರಮಾವನ ಮನೆಯಲ್ಲಿ ತೋರಿಸುವುದೆಂದು ಮಾತಾಗಿತ್ತು. ಆದರೆ ಬೇರು ಬೇಕೆಂದು ಕೇಳಿದ್ದ ವ್ಯಾಪಾರಿಗೆ ಶನಿವಾರ ಕೊಡಬೇಕು. ಸಾವಕ್ಕ ನಸುಕಿನಲ್ಲಿ ಎದ್ದು ಒಬ್ಬರೇ ಗುಡ್ಡ ಹತ್ತಿದರು. ಹತ್ತು ಗಂಟೆಯ ತನಕ ಅಗೆದು, ಹೊರೆ ಕಟ್ಟಿ, ಗುಡಿಸಲಿಗೆ ಬಂದರು. ಕೈ, ಕಾಲು, ಉಗುರಿನ ಸಂದಿ ಎಲ್ಲ ಕೆಂಪು ಮಣ್ಣು.

ಮೂರು ದಿನದ ಹಿಂದೆ ತಿರಕಪ್ಪ ಹರವಿ ತುಂಬಿಸಿ ಕಲ್ಲು ಇಟ್ಟಿದ್ದರು. ತಿರಕಪ್ಪ ಶಿರಹಟ್ಟಿ ಕಡೆಯ ಕುರಿಗಾರ. ಪ್ರತಿ ಬೇಸಿಗೆಗೆ ಹಿಂಡು ಹೊಡೆದುಕೊಂಡು ಗುಡ್ಡಕ್ಕೆ ಬರುತ್ತಿದ್ದವರು. ನೀರು ಹೊರುವಾಗ ಸಾವಕ್ಕನೇ ಅವರನ್ನು ನೋಡಿದ್ದರು. ಬಂದುಹೋದವರು ಕುಡಿದು, ಆ ಹೊತ್ತಿಗೆ ಹರವಿಯ ತಳದಲ್ಲಿ ಎರಡು ತಂಬಿಗೆ ನೀರು ಉಳಿದಿತ್ತು.

ಆ ನೀರಲ್ಲಿ ಸಾವಕ್ಕ ಕೈ ತೊಳೆದರು. ಮುಖ ತೊಳೆದರು. ಕಾಲು ತೊಳೆದರು. ಊರಿಗೆ ಇಳಿದು ತೊಳೆಯುತ್ತ ಕೂತರೆ ಒಂದು ಗಂಟೆಯ ಬಸ್ಸು ತಪ್ಪುತ್ತಿತ್ತು.

"ಮಣ್ಣ ಹತ್ತಿದ ಕೈಲೆ ಬೀಗರ ಮುಂದ ಹ್ಯಾಂಗ ಕುಂಡರೂದರಿ? ಗುಡ್ಡಾ ಅಗಿಯೋ ಮಂದಿ ಅಂದಾರು ಅಂತ."

ಆಮೇಲೆ ಹೊರೆ. ತಲೆಗೆ ಹೊರೆ ಎತ್ತಿಸಲು ಇನ್ನೊಬ್ಬರು ಬೇಕು. ಒಬ್ಬರೇ ಇದ್ದಾಗ ಹೊರೆಯನ್ನು ಎದೆಮಟ್ಟದ ಗೋಡೆಯ ಮೇಲಿಟ್ಟು, ಮಂಡಿ ಬಗ್ಗಿಸಿ, ತಲೆ ಕೊಟ್ಟು ಏಳಬೇಕು. ಸಾವಕ್ಕ ಹಾಗೆ ಎದ್ದರು. ಎದ್ದು ತಿರುಗಿದಾಗ ಕಲ್ಲು ಕಂಡಿತು. ಐದು ಕಿಲೋದ ಕಲ್ಲು ಇಳಿಸಲು ಎರಡೂ ಕೈ ಬೇಕು. ಅಂದರೆ ಹೊರೆ ಮತ್ತೆ ಇಳಿಸಬೇಕು, ಮತ್ತೆ ಎತ್ತಿಕೊಳ್ಳಬೇಕು.

"ಅಲ್ಲೇ ನಿಂತು ಲೆಕ್ಕಾ ಹಾಕಿದ್ನಿರಿ. ಇವತ್ತ ಶುಕ್ರವಾರ, ದಾವಲಿ ಬರೂದಿಲ್ಲ. ಕುರಿಯವರು ಕೆಳಗ ಹೊಂಟಾರ. ಹುಲ್ಲಿನವರದು ಸುಗ್ಗಿ ಅಲ್ಲ. ನಾಳೆ ಮುಂಜಾನೆ ನಾನ ಬಂದು ಹರವಿ ತುಂಬಸ್ತೀನಿ. ತುಂಬಿಸಿದ್ರ ಕಲ್ಲು ಇದ್ದಲ್ಲೇ ಇರ್ಬೇಕಲ್ಲ, ಯಾಕ ಇಳಸಲಿ ಅಂತ."

ಲೆಕ್ಕದಲ್ಲಿ ಒಂದು ತಪ್ಪಿತ್ತು. ಶುಕ್ರವಾರ ಗುಡ್ಡ ಹತ್ತದ ದಾವಲಬಿ ಆ ದಿನ ಹತ್ತಿದರು. ಮಗಳನ್ನು ತೋರಿಸುವ ಗಡಿಬಿಡಿಯಲ್ಲಿ ಸಾವಕ್ಕನಿಗೆ ಬೇರು ಪೂರೈಸುವುದಿಲ್ಲ, ಉಳಿದದ್ದನ್ನು ತಾನು ಅಗೆದಿಟ್ಟರೆ ಶನಿವಾರ ಅವಳಿಗೆ ತಾಪತ್ರಯ ಇರುವುದಿಲ್ಲ ಎಂದುಕೊಂಡು ಹೋದರು. ಸಾವಕ್ಕ ನಸುಕಿನಲ್ಲೇ ಹೋಗಿದ್ದು ಅವರಿಗೆ ಗೊತ್ತಿರಲಿಲ್ಲ. ಸಾವಕ್ಕ ಹತ್ತಿರದ ಕಡಿದಾದ ಜಾಡಿನಲ್ಲಿ ಇಳಿದದ್ದರಿಂದ ಇಬ್ಬರೂ ಎದುರಾಗಲಿಲ್ಲ. ಹನ್ನೊಂದೂವರೆಗೆ ದಾವಲಬಿ ಈ ಬಂಡೆಯ ಹತ್ತಿರ ಬಂದರು. ಗೋಡೆ ನೋಡಿದರು. ಕಲ್ಲಿತ್ತು. ತಂದಿದ್ದ ಅರ್ಧ ಬಾಟಲಿ ನೀರನ್ನು ಇಲ್ಲೇ ಕುಡಿದು ಮುಗಿಸಿ, ಖಾಲಿ ಬಾಟಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಲಕ್ಕೆ ನಡೆದರು. ಬಿಸಿಲಲ್ಲಿ ಎರಡು ತಾಸು ಅಗೆದು ಗುಡಿಸಲಿಗೆ ಬಂದಾಗ ಹರವಿಯ ತಳ ಒಣಗಿತ್ತು. ಗುಂಡಿಯ ಕಡೆ ಹೊರಟವರು ಗೋಡೆ ದಾಟುವುದರೊಳಗೆ ಬಿದ್ದರು.

ಸಂಜೆ ಕಟ್ಟಿಗೆಗೆ ಹೋದ ಹೆಂಗಸರು ನೋಡಿ ಹೊತ್ತು ತಂದರು. ಗದಗಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಬಿಸಿಲಿನ ಝಳ ಮೆದುಳಿಗೆ ತಾಕಿದೆ, ನಡಿಗೆಯ ತೂಕ ತಪ್ಪಿದೆ, ಇನ್ನು ಪೂರ್ತಿ ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದರು.

"ಗಂಡಿನವರು ನನ್ನ ಕೈ ನೋಡಲಿಲ್ರಿ," ಎಂದು ಸಾವಕ್ಕ ಬಂಡೆಯಿಂದ ಎದ್ದರು. "ಯಾರೂ ನೋಡಲಿಲ್ಲ. ಹುಡುಗಿ ನೋಡಿದ್ರು, ಅವಲಕ್ಕಿ ತಿಂದ್ರು, ಹೂಂ ಅಂದು ಹೋದ್ರು."

ಗುಡಿಸಲು ಮುಟ್ಟಿದಾಗ ಹತ್ತೂವರೆ. ತಗಡು ಒಂದು ಕಡೆ ಹಾರಿಹೋಗಿತ್ತು. ಹೊಸ ಕೋಣೆಗೆಂದು ಇಟ್ಟಿಗೆ, ಉಸುಕು ಆಗಲೇ ಬಂದು ಬಿದ್ದಿತ್ತು. ಸಾವಕ್ಕ ಒಳಗೆ ಹೋದವರು ಮೊದಲು ಮೂಲೆಯಲ್ಲಿ ಬಗ್ಗಿ ನೋಡಿದರು. ಹರವಿಯ ಕಂಠ ಒಡೆದಿತ್ತು. ಒಳಗೆ ಒಣ ಹುಲ್ಲು, ಯಾವುದೋ ಹಕ್ಕಿಯ ಗೂಡು.

ಆ ಏಪ್ರಿಲ್ ಆದ ಮೇಲೆ ಕಲ್ಲನ್ನು ಯಾರೂ ನಂಬಲಿಲ್ಲ. ಎಲ್ಲರೂ ತಮ್ಮ ತಮ್ಮ ಬಾಟಲಿ ತರತೊಡಗಿದರು. ಹರವಿ ತುಂಬಿಸುವುದು ನಿಂತಿತು. ಕಲ್ಲು ಇಳಿಸುವ ಕೆಲಸ ಯಾರದೂ ಅಲ್ಲದ್ದರಿಂದ ಅದು ಗೋಡೆಯ ಮೇಲೇ ಉಳಿಯಿತು.

ರೊಟ್ಟಿ ಬಿಚ್ಚಿದರು. ಗವಿಸಿದ್ದೇಶನಿಗೆ ಎರಡು ಕೊಟ್ಟರು.

"ಅಲ್ಲಬೇ," ಎಂದ ಅವನು, ತಿನ್ನದೆ. "ತಿರಕಪ್ಪಜ್ಜನ ಹೆಸರ ಯಾಕ ಬಂತು ಮತ್ತ?"

"ಗೋಡಿ ಬಾಜು ಕುರಿ ಹಿಕ್ಕಿ ಬಿದ್ದಿದ್ದು ನೋಡಿದ್ರಲ್ಲ ಮಂದಿ. ಕುರಿಯವ ನಾಯಿಗೆ ನೀರ ಕುಡಿಸಿ, ಕಲ್ಲ ಇಳಸದ ಹೋಗ್ಯಾನ ಅಂದ್ರು. ಒಬ್ಬರಂದ್ರು, ನಾಕ ಮಂದಿ ಹೌದಂದ್ರು."

"ನೀ ಏನಂದಿ?"

"ಏನೂ ಅನಲಿಲ್ಲ."

ಮಾರನೆಯ ವರ್ಷದಿಂದ ತಿರಕಪ್ಪ ಗುಡ್ಡದ ಈ ಮಗ್ಗುಲಿಗೆ ಹಿಂಡು ತರಲಿಲ್ಲ. ಮೂರು ವರ್ಷದ ಹಿಂದೆ, ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಸಾವಕ್ಕ ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡು ಹೋಗಿದ್ದರು. ಹೇಳಬೇಕೆಂದೇ ಹೋದದ್ದು. ಹೊರಸಿನ ಪಕ್ಕ ಒಂದು ತಾಸು ಕೂತರು. ತಿರಕಪ್ಪನ ಹೆಂಡತಿ ಮುದುಕವ್ವ ಚಹಾ ಕೊಟ್ಟರು. ತಿರಕಪ್ಪ ಗುಡ್ಡದಲ್ಲಿ ಈ ಸಲ ಹುಲ್ಲು ಹ್ಯಾಗಿದೆ ಎಂದು ಕೇಳಿದರು. ಆಮೇಲೆ, ಹರವಿ ಇನ್ನೂ ಇದೆಯೇ ಎಂದರು. ಇದೆ ಎಂದು ಸಾವಕ್ಕ ಎದ್ದು ಬಂದರು. ಆ ಬೇಸಿಗೆ ತಿರಕಪ್ಪ ತೀರಿಕೊಂಡರು.

ಹನ್ನೊಂದೂವರೆಗೆ ಸಾವಕ್ಕ ಗೋಡೆಯ ಹತ್ತಿರ ಹೋಗಿ ಎರಡೂ ಕೈಯಿಂದ ಕಲ್ಲು ಎತ್ತಿದರು. ಅದು ಕೂತಿದ್ದ ಜಾಗದಲ್ಲಿ ಗೋಡೆ ಬೇರೆ ಬಣ್ಣದ್ದಿತ್ತು. ಟವೆಲನ್ನು ಸಿಂಬಿ ಸುತ್ತಿ ತಲೆಗಿಟ್ಟು, ಅದರ ಮೇಲೆ ಕಲ್ಲು ಕೂರಿಸಿಕೊಂಡರು. ಗವಿಸಿದ್ದೇಶ ತಾನು ಹೊರುತ್ತೇನೆಂದು ಕೈ ಚಾಚಿದ.

"ಬ್ಯಾಡ. ನೀ ಎಡವಿದ್ರ ಅದೂ ನನ್ನ ಮ್ಯಾಲ ಬರತೈತಿ."

ಕವಲುಬಂಡೆಗೆ ಬಂದಾಗ ಅವನು ಹಿಂತಿರುಗಿ ಗೋಡೆ ನೋಡಿದ. ಸಾವಕ್ಕ ನೋಡಲಿಲ್ಲ. ತಲೆಯ ಮೇಲೆ ಭಾರವಿದ್ದಾಗ ತಿರುಗಿ ನೋಡುವುದು ಸುಲಭವೂ ಅಲ್ಲ.

ದಾವಲಬಿಯ ಮನೆ ಊರಿನ ಮಸೀದಿಯ ಹಿಂದಿನ ಓಣಿಯಲ್ಲಿದೆ. ಅಲ್ಲಿಗೆ ಬಂದಾಗ ಮೂರೂವರೆ. ಪಡಸಾಲೆಯಲ್ಲಿ ಹೊರಸು, ಅದರ ಮೇಲೆ ಕಾಲು ಇಳಿಬಿಟ್ಟು ದಾವಲಬಿ ಕೂತಿದ್ದರು. ವಯಸ್ಸು ಐವತ್ತೆಂಟು. ಗೋಡೆ ಹಿಡಿದು ಬಚ್ಚಲ ತನಕ ನಡೆಯುತ್ತಾರೆ. ಮಾತು ನಿಧಾನ, ಆದರೆ ಹರಿತ. ಒಳಗೆ ರೇಷ್ಮಾ ರೊಟ್ಟಿ ಬಡಿಯುತ್ತಿದ್ದಳು.

"ಬಂದ್ಯಾ ಸಾವಿ? ಗುಡ್ಡಾ ಅಲ್ಲೇ ಐತೇನು, ಇಲ್ಲಾ ಅದನ್ನೂ ಕೆಡವಿದ್ರೋ?"

"ಐತಿ."

ಸಾವಕ್ಕ ಕಲ್ಲನ್ನು ಹೊರಸಿನ ಮೇಲಿಟ್ಟರು. ದಾವಲಬಿ ಅದರ ಮೇಲೆ ಕೈಯಾಡಿಸಿದರು.

"ಸಣ್ಣದಾಗೈತಿ."

"ಕಲ್ಲ ಸಣ್ಣದಾಗತೈತೇನ?"

"ನನ್ನ ಕಣ್ಣಾಗ ದೊಡ್ಡದಿತ್ತು. ಇರ್ಲಿ. ಬಾಗಲಕ್ಕ ಅಡ್ಡ ಇಡತೀನಿ. ಒದಿಯಾಕಂತೂ ನನ್ನ ಕಾಲಿಗೆ ಆಗೂದಿಲ್ಲ, ದಿನಾ ಮುಂಜಾನೆದ್ದು ಬೈಯಾಕರ ಒಂದು ಬೇಕಲ್ಲ. ಆ ತಿರಕ್ಯಾ ಅಂತೂ ನನ್ನ ಬೈಗಳಾ ತೀರಸದ ಮಣ್ಣಾಗ ಹೋದ."

"ಅವಗ ಬೈಬ್ಯಾಡ ದಾವಲಿ."

"ಯಾಕ? ಸತ್ತಾನಂತನ? ಅವ ಸತ್ತ, ನಾ ಇನ್ನೂ ಗ್ವಾಡಿ ಹಿಡಕೊಂಡ ಅಡ್ಡಾಡತೀನಿ."

"ಅವ ಅಲ್ಲ," ಎಂದರು ಸಾವಕ್ಕ. ನಿಂತೇ ಇದ್ದರು. "ಹರವಿ ಬರಿದು ಮಾಡಿದವ ಅವ ಅಲ್ಲ. ನಾನು. ನಸಿಕಲೆ ಹೋಗಿದ್ದೆ. ಕಲ್ಲ ಇಳಸಲಿಲ್ಲ. ಹೊರಿ ತಲಿ ಮ್ಯಾಲ ಇತ್ತು."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ದಾವಲಬಿಯ ಕೈ ಕಲ್ಲಿನ ಮೇಲೇ ಇತ್ತು. ಆಮೇಲೆ ಕೇಳಿದರು:

"ಎಷ್ಟಿತ್ತು ನೀರು?"

"ಎರಡು ತಂಬಗಿ."

"ಕುಡದ್ಯಾ?"

"ಇಲ್ಲ. ಕೈಕಾಲ ತೊಳಕೊಂಡೆ."

"ಹೂಂ."

ಹೊರಗೆ ಯಾರೋ ಸೈಕಲ್ ನೂಕಿಕೊಂಡು ಹೋದರು. ದಾವಲಬಿ ಅದು ಹೋಗುವ ತನಕ ಕಾದರು.

"ಅವ ಎರಡ ಸಲ ಇಲ್ಲಿಗೆ ಬಂದಿದ್ದ. ನಾ ಅಲ್ಲಬೇ ಅಂತ ಹೇಳಾಕ."

"ಹೂಂ."

"ಎರಡನೇ ಸಲ ಖಡಕ್ ಬಿಸಲಾಗ ನಡಕೊಂಡ ಬಂದಿದ್ದ. ಕಟ್ಟಿ ಮ್ಯಾಲ ಕುಂತು, ಒಂದೀಟು ನೀರ ಕೊಡ್ರಿ ಅಂದ. ಕೊಡಬ್ಯಾಡ ಅಂತ ರೇಷ್ಮಾಗ ನಾನ ಹೇಳಿದೆ."

"ಹೂಂ."

"ಈ ಮನ್ಯಾಗ ಬಂದ ಮನಷ್ಯಾಗ ನೀರ ಇಲ್ಲ ಅಂದಿದ್ದು ಅದೊಂದ ಸಲ. ನೀ ಎಲ್ಲಿದ್ದಿ ಆವಾಗ?"

"ಇಲ್ಲೇ ಇದ್ದೆ. ಮೊರದಾಗ ಜ್ವಾಳ ಹಸನ ಮಾಡಾಕತ್ತಿದ್ದೆ."

"ಅವ ಎದ್ದು ಹೋಗೂತನಕ ನೀ ತಲಿ ಎತ್ತಲಿಲ್ಲ. ನನಗ ನೆನಪೈತಿ. ನನ್ನ ಸಲುವಾಗಿ ಸಿಟ್ಟಿಗೆದ್ದಾಳ, ಅವನ ಮಾರಿ ನೋಡವಲ್ಲಳು ಅಂತ ತಿಳಕೊಂಡಿದ್ದೆ."

ದಾವಲಬಿ ಕಲ್ಲನ್ನು ಎರಡೂ ಕೈಯಿಂದ ಹೊರಸಿನ ಅಂಚಿಗೆ ನೂಕಿದರು. ಅದು ಬೀಳುವಂತಾದಾಗ ಸಾವಕ್ಕ ಹಿಡಿದುಕೊಂಡರು.

"ನನ್ನ ಮನ್ಯಾಗ ಇದು ಬ್ಯಾಡ. ಅವರ ಮನಿಗೆ ಒಯ್ದು ಕೊಡು. ಈಗ ನನಗ ಹೇಳಿದ್ದು ಆ ಮುದುಕವ್ವಗೂ ಹೇಳು. ನೀರ ಕೊಡಲಿಲ್ಲ ಅಂತ ನಂದೂ ಹೇಳು. ನಂದು ಬಿಟ್ಟು ಬರಬ್ಯಾಡ. ಹೋಗ ಈಗ."

ಸಾವಕ್ಕ ಸಿಂಬಿ ಸುತ್ತಲಿಲ್ಲ. ಕಲ್ಲನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ಸೊಂಟದ ಮೇಲಿಟ್ಟುಕೊಂಡು ಓಣಿ ದಾಟಿದರು.

ಸೋಮವಾರ ಅಂಗನವಾಡಿಗೆ ರಜೆ ಹಾಕಿ ಅವರು ಶಿರಹಟ್ಟಿ ಕಡೆ ಹೋದರು. ಒಬ್ಬರೇ. ಬ್ಯಾಡ, ಯಾರೂ ಬರಬ್ಯಾಡ್ರಿ ಎಂದಿದ್ದರು. ಅಲ್ಲಿ ನಡೆದದ್ದನ್ನು ಅವರು ಆಮೇಲೆ ಹೇಳಿದ್ದು ನಾಲ್ಕೈದು ವಾಕ್ಯ. ಮುದುಕವ್ವ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಿದ್ದರು. ಕೆಲಸ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ: "ಬಾಳಿಹಣ್ಣ ತಗೊಂಡ ಬಂದಿದ್ರಲ್ಲ, ಆವಾಗ ಅವರು ಇದ್ರು. ಆವಾಗ ಯಾಕ ಹೇಳಲಿಲ್ರಿ?" ಬಾಯಿ ಬರಲಿಲ್ಲ ಎಂದರು ಸಾವಕ್ಕ. ಮುದುಕವ್ವ ಕಲ್ಲು ತೆಗೆದುಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಸಾವಕ್ಕ ಕಟ್ಟೆಯ ಮೇಲೆ ಮುಂದಿನ ಬಸ್ಸಿನ ಹೊತ್ತಿನ ತನಕ ಕೂತು, ಎದ್ದು ಬಂದರು.

ಸಂಜೆ ಊರಿಗೆ ಇಳಿದವರು ನೇರ ದಾವಲಬಿಯ ಮನೆಗೆ ಹೋದರು. ಅಲ್ಲಿಯದನ್ನು ಹೇಳಿದ್ದು ರೇಷ್ಮಾ.

"ಅತ್ತಿ ಹೊರಸಿನ ಮ್ಯಾಲ ಇದ್ರು. ಇವರು ಬಾಗಲದಾಗ ನಿಂತು, ಕೊಟ್ಟು ಬಂದೆ, ನಿಂದೂ ಹೇಳಿದೆ ಅಂದ್ರು. ಅತ್ತಿ ಕೇಳಿದ್ರು, ಮುದುಕವ್ವ ನೀರ ಕೊಟ್ಟಳೇನು ಅಂತ. ಇಲ್ಲ, ನಾನೂ ಕೇಳಲಿಲ್ಲ ಅಂದ್ರು. ದಿನಾಪೂರ್ತಿ ಬಿಸಲಾಗ ಅಡ್ಡಾಡಿ ಬಂದಿದ್ರು ನೋಡ್ರಿ, ತುಟಿ ಒಣಗಿತ್ತು. ನಾ ತಂಬಗಿ ತುಂಬಕೊಂಡ ಬಂದು ಅತ್ತಿ ಮಾರಿ ನೋಡಿದೆ. ಕೊಡು ಅನಲಿಲ್ಲ, ಬ್ಯಾಡಾನೂ ಅನಲಿಲ್ಲ. ಗ್ವಾಡಿ ಕಡೆ ಹೊಳ್ಳಿ ಮಕ್ಕೊಂಡ್ರು. ನಾ ಸ್ವಲ್ಪ ಹೊತ್ತು ಹಂಗ ನಿಂತೆ. ಆಮ್ಯಾಲ ಸಾವಕ್ಕನವರ ಮುಂದ ಇಟ್ಟು ಒಲಿ ನೋಡಾಕ ಒಳಗ ಹೋದೆ."

ಅವಳು ಹೊರಗೆ ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ತಂಬಿಗೆ ಇಟ್ಟಲ್ಲೇ ಇತ್ತು, ತುಂಬಿದ ಹಾಗೇ.